ಬಂಡೆಯ ಪದ, ಬೀಸುಕಲ್ಲಿನ ಪದ

ತೇರು ಎಳೆದರೆ ಜಾತ್ರೆ ಮುಗಿಯಿತು ಎನ್ನುವುದು ಬೇರೆ ಊರುಗಳ ಮಾತು. ಚೊಳಚಗುಡ್ಡದಲ್ಲಿ ಬನಶಂಕರಿಯ ಜಾತ್ರೆ ಬನದ ಹುಣ್ಣಿಮೆಯ ತೇರಿನಿಂದ ಮುಂದೆ ವಾರಗಟ್ಟಲೆ ನಡೆಯುತ್ತದೆ. ತೇರಿಗೆ ಮುನ್ನ ಪಲ್ಲೇದ ಹಬ್ಬ. ಅಂದು ದೇವಿಗೆ 108 ಬಗೆಯ ಕಾಯಿಪಲ್ಲೆಯ ನೈವೇದ್ಯ. ಹರಿದ್ರಾತೀರ್ಥದ ಹೊಂಡ ಬಳಸಿ ಈಚೆ ಬಂದರೆ ಬಳೆಗಾರರ ಸಾಲು, ಬೆಂಡು-ಬತ್ತಾಸದ ಸಾಲು, ಅದರಾಚೆ ಬಾಗಿಲುಗಳ ಪೇಟೆ. ಮನೆ ಕಟ್ಟಿಸುವವರು ಸುತ್ತಲ ತಾಲೂಕುಗಳಿಂದ ಬಂದು ಇಲ್ಲಿ ಚೌಕಟ್ಟು, ಬಾಗಿಲು ಆರಿಸಿ ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗುತ್ತಾರೆ. ಗೋಡೆಯಿಲ್ಲದ ಬಾಗಿಲುಗಳು ಬಯಲಿನಲ್ಲಿ ಸಾಲುಗಟ್ಟಿ ನಿಂತದ್ದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕತ್ತಲಾಯಿತೆಂದರೆ ನಾಟಕ ಕಂಪನಿಗಳ ಲೌಡ್‌ಸ್ಪೀಕರುಗಳು ಒಂದರ ಮೇಲೊಂದು ಬಿದ್ದು, ಯಾವ ಹಾಡು ಯಾವ ತಂಬುವಿನದು ಎಂಬುದೇ ತಿಳಿಯದಂತಾಗುತ್ತದೆ.

ಆ ಗದ್ದಲದಿಂದ ತಪ್ಪಿಸಿಕೊಂಡು ಒಂದು ಸಲ ಊರೊಳಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳನ್ನು ಮಾತಾಡಿಸಿ, "ಆಯೀ, ಬೀಸೂ ಪದ ಒಂದೆರಡು ಹೇಳ್ರೆಲಾ" ಎಂದೆ. ಆಕೆ ನಕ್ಕಳು. "ಹಿಂಗ ಸುಮ್ಮನ ಕುಂತರ ಎಲ್ಲಿಂದ ಬರ್ತಾವೋ ತಮ್ಮಾ? ಕಲ್ಲಿನ ಮುಂದ ಕುಂತರ ತಾವಾಗೇ ಬರ್ತಾವು." ಕಲ್ಲೆಲ್ಲಿ ಎಂದು ಕೇಳಿದ್ದಕ್ಕೆ ಹಿತ್ತಲಿನ ಕಡೆ ಕೈ ತೋರಿಸಿದಳು. ಬಚ್ಚಲ ಬಾಯಿಗೆ ಹಾಸಿದ್ದ ಒಂದು ಗುಂಡು ಕಲ್ಲಿನ ನಟ್ಟನಡುವೆ ತೂತಿತ್ತು. ಜೋಳ ಸುರಿಯುತ್ತಿದ್ದ ಬಾಯಿ ಅದು. ಈಗ ಅದರೊಳಗಿಂದ ಸಾಬೂನಿನ ನೀರು ಇಳಿಯುತ್ತಿತ್ತು.

ಹಾಡು ಉಳಿಸುವ ಮಾತು ಬಂದಾಗಲೆಲ್ಲ ನನಗೆ ಆ ತೂತು ಕಣ್ಣ ಮುಂದೆ ಬರುತ್ತದೆ. ಬಾದಾಮಿ, ಹುನಗುಂದ, ಮುಧೋಳದ ಸೀಮೆಯಲ್ಲಿ ಹಾಡು ಉಳಿಸುವ ಕೆಲಸಕ್ಕೆ ಒಂದು ದೊಡ್ಡ ಚರಿತ್ರೆಯೇ ಇದೆ. ಅದರಲ್ಲಿ ಸಾಹೇಬರಿದ್ದಾರೆ, ಹಳ್ಳಿಯ ತರುಣರಿದ್ದಾರೆ, ವಿಶ್ವವಿದ್ಯಾಲಯವಿದೆ. ಪ್ರತಿಯೊಬ್ಬರೂ ತಮ್ಮ ಕಿವಿಗೆ ಬೇಕಾದದ್ದನ್ನು ಕೇಳಿಸಿಕೊಂಡರು. ಕಲ್ಲನ್ನು ಮಾತ್ರ ಯಾರೂ ಎತ್ತಿಕೊಂಡು ಹೋಗಲಿಲ್ಲ. ಹೋಗುವುದಾದರೂ ಹೇಗೆ?

ಚರಿತ್ರೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬ ಚಿಂತೆ ಈ ಸೀಮೆಯವರಿಗಿಲ್ಲ. ಚೊಳಚಗುಡ್ಡದಿಂದ ಬಾದಾಮಿಗೆ 5 ಕಿಲೋಮೀಟರ್ ಆಸುಪಾಸು. ಅಲ್ಲಿ ಅಗಸ್ತ್ಯತೀರ್ಥದ ಕೆರೆಯ ಆಚೆ, ಕೆಂಪು ಬಂಡೆಯ ಮೈಮೇಲೆ, ಹತ್ತು ಸಾಲಿನ ಒಂದು ಬರಹವಿದೆ. ಕಪ್ಪೆ ಅರಭಟ್ಟ ಎಂಬ ವೀರನ ಶಾಸನ. ಕಾಲ ಸುಮಾರು 700. ದಾನದ ಲೆಕ್ಕವಿಲ್ಲ, ಅರಸರ ವಂಶಾವಳಿಯಿಲ್ಲ. ಒಬ್ಬ ಮನುಷ್ಯನ ಗುಣವನ್ನು ಹೇಳುವ ಪದ್ಯಗಳಷ್ಟೇ. ಅವುಗಳಲ್ಲಿ ಮೂರು ತ್ರಿಪದಿಗಳು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿಗಳು ಇವೇ. ಸಂಸ್ಕೃತದ ಲೆಕ್ಕಕ್ಕೆ ಸಿಗದ, ಅಂಶದ ನಡಿಗೆಯ ದೇಸಿ ಮಟ್ಟು ಅದು. ಅದು ಬಂಡೆಗೆ ಏರುವ ಮುಂಚೆ ಎಷ್ಟು ಕಾಲ ಬಾಯಲ್ಲಿತ್ತು ಎಂದು ಹೇಳುವವರು ಯಾರು? ಆದರೆ ಬಂಡೆಯಿಂದ ಇಳಿದ ಮೇಲೂ ಸಾವಿರದ ಇನ್ನೂರು ವರ್ಷ ಅದು ಬಾಯಲ್ಲೇ ಉಳಿಯಿತು. ಬೀಸುವ ಪದ, ಕುಟ್ಟುವ ಪದ, ತೊಟ್ಟಿಲ ಪದ, ಸೋಬಾನದ ಪದ, ಎಲ್ಲಕ್ಕೂ ಅದೇ ಮೂರು ಸಾಲಿನ ಅಚ್ಚು.

ಈ ಶಾಸನವನ್ನು 1881ರಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದವರು ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದ ಈ ಸಾಹೇಬರು ಕನ್ನಡ ಸೀಮೆಯಲ್ಲಿ ತಿರುಗಿ, 1872ರಲ್ಲಿ ದಕ್ಷಿಣ ವಿಭಾಗದ ಶಾಲಾ ಇನ್‌ಸ್ಪೆಕ್ಟರರಾದರು. ಶಾಲೆ ನೋಡಲು ಹೋದ ಊರಿನಲ್ಲೆಲ್ಲ ಗುಡಿಯ ಕಲ್ಲು ಓದಿಕೊಂಡು ಬಂದರು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಚರಿತ್ರೆಗೆ ಒಂದು ಆಕಾರ ಬಂದದ್ದು ಅವರ ಈ ಚಾಳಿಯಿಂದ. ಬಂಡೆಯ ಮೇಲಿನ ತ್ರಿಪದಿಯನ್ನು ಅಕ್ಷರಕ್ಕೆ ಅಕ್ಷರ ನೋಡಿದವರು ಅವರು. ಅದೇ ಬಂಡೆಯ ಕೆಳಗಿನ ಓಣಿಗಳಲ್ಲಿ ಕೋಳಿ ಕೂಗುವ ಮುನ್ನ ಅದೇ ತ್ರಿಪದಿ ಬೀಸುಕಲ್ಲಿನ ಸದ್ದಿನೊಂದಿಗೆ ಏಳುತ್ತಿತ್ತು. ಅಷ್ಟು ಹೊತ್ತಿನಲ್ಲಿ, ಅಷ್ಟು ಒಳಮನೆಯಲ್ಲಿ ಸಾಹೇಬರಿಗೆ ಪ್ರವೇಶವಿರಲಿಲ್ಲ. ಅವರಿಗೆ ಕೇಳಿಸಿದ್ದು ಬಯಲಲ್ಲಿ, ಗಂಡಸರು ಡಪ್ಪು ಬಡಿದು ಹಾಡುತ್ತಿದ್ದ ಲಾವಣಿ.

ಲಾವಣಿಗೆ ಬೇಕಾದದ್ದು ಘಟನೆ. ಘಟನೆಗೆ ಆ ಕಾಲದಲ್ಲಿ ಬರವಿರಲಿಲ್ಲ.

ಬಾದಾಮಿಯಿಂದ ವಾಯವ್ಯಕ್ಕೆ, ಅಂದಿನ ಮುಧೋಳ ಸಂಸ್ಥಾನದಲ್ಲಿ ಹಲಗಲಿ ಎಂಬ ಹಳ್ಳಿ. ಊರಿನ ಬೇಡರಿಗೆ ಕತ್ತಿ, ಕೊಡಲಿ, ಬಂದೂಕು ಎಂದರೆ ಅಲಂಕಾರವಲ್ಲ. ಬೇಟೆಗೆ ಅದು ಬೇಕು, ಕಾವಲಿಗೆ ಅದು ಬೇಕು, ಹೊರಗೆ ಹೋದಾಗ ಮರ್ಯಾದೆಗೂ ಅದೇ ಬೇಕು. ಉತ್ತರದಲ್ಲಿ ಸಿಪಾಯಿಗಳು ತಿರುಗಿ ಬಿದ್ದ 1857ರಲ್ಲಿ ಕಂಪನಿ ಸರ್ಕಾರ ಹತಾರಗಳನ್ನೆಲ್ಲ ತಂದೊಪ್ಪಿಸಬೇಕು, ಇಟ್ಟುಕೊಳ್ಳುವವರು ಪರವಾನಗಿ ಪಡೆಯಬೇಕು ಎಂದು ಹುಕುಂ ಹೊರಡಿಸಿತು. ಹಲಗಲಿಯ ಬೇಡರು ಒಲ್ಲೆವೆಂದರು. ಸಂಸ್ಥಾನದವರು ಬುದ್ಧಿ ಹೇಳಿ ನೋಡಿದರು, ಬೆದರಿಸಿ ನೋಡಿದರು. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಹಿಂದೆ ಊರು ನಿಂತಿತು; ಸುತ್ತಲ ಹಳ್ಳಿಗಳಿಂದಲೂ ಜನ ಬಂದು ಕೂಡಿದರು.

ಕಲಾದಗಿಯಲ್ಲಿ ದಂಡು ಬೀಡುಬಿಟ್ಟಿತ್ತು, ದೂರವೇನೂ ಅಲ್ಲ. ಕರ್ನಲ್ ಮಾಲ್ಕಮ್ ಮತ್ತು ಲೆಫ್ಟಿನೆಂಟ್ ಕೆರ್ ಅವರ ಕುದುರೆ ದಂಡು ನವೆಂಬರ್ 29ರ ರಾತ್ರಿ ಹಲಗಲಿಯನ್ನು ಮುತ್ತಿತು. ಮನೆಗಳೊಳಗಿಂದ ಗುಂಡು ಬರುತ್ತಿದ್ದುದರಿಂದ ಸೈನಿಕರಿಗೆ ಊರೊಳಗೆ ನುಗ್ಗುವುದು ಸುಲಭವಾಗಲಿಲ್ಲ. ಕೊನೆಗೆ ಊರಿಗೇ ಬೆಂಕಿ ಹಚ್ಚಿದರು. 30ರಂದು ಎಲ್ಲ ಮುಗಿಯಿತು. ಸೆರೆ ಸಿಕ್ಕವರು 290 ಜನ. ಡಿಸೆಂಬರ್ 11ರಂದು ಮುಧೋಳದಲ್ಲಿ ಕೆಲವರನ್ನು, 14ರಂದು ಹಲಗಲಿಯಲ್ಲೇ, ಊರವರ ಕಣ್ಣೆದುರಿಗೆ, ಜಡಗ-ಬಾಲರೂ ಸೇರಿದಂತೆ ಇನ್ನಷ್ಟು ಜನರನ್ನು ಗಲ್ಲಿಗೇರಿಸಿದರು. ಸುಮಾರು ಎರಡು ವಾರದಲ್ಲಿ ಒಂದು ಊರಿನ ಕಥೆ ಹೀಗೆ ಮುಗಿದುಹೋಯಿತು. ಸರ್ಕಾರಿ ದಫ್ತರದಲ್ಲಿ ಅದಕ್ಕೆ ಸಿಕ್ಕ ಜಾಗ ಕೆಲವು ಪುಟ.

ಲಾವಣಿಕಾರ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಕುರ್ತಕೋಟಿಯ ಕಲ್ಮೇಶನ ಅಂಕಿತದಲ್ಲಿ ಒಬ್ಬ ಇಡೀ ಕಥೆಯನ್ನು ಪದಕ್ಕೆ ಕಟ್ಟಿದ. ಹುಕುಂ ಬಂದದ್ದು, ಕಾರಕೂನನ ಜತೆ ಜಟಾಪಟಿಯಾದದ್ದು, ದಂಡು ಬಂದದ್ದು, ಒಬ್ಬೊಬ್ಬ ಬಿದ್ದದ್ದು ಎಲ್ಲವೂ ಅದರಲ್ಲಿದೆ. ಸಾಹೇಬರ ಹೆಸರುಗಳು ಕನ್ನಡದ ಬಾಯಿಗೆ ಸಿಕ್ಕು ಬೇರೆಯೇ ಆಕಾರ ತಳೆದಿವೆ. ಆದರೆ ಆ ಲಾವಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಯುದ್ಧದ ಭಾಗವಲ್ಲ, ಲೂಟಿಯ ಭಾಗ. ಊರಿಂದ ಏನೇನು ಹೋಯಿತು ಎಂದು ಲಾವಣಿಕಾರ ಪಟ್ಟಿ ಕೊಡುತ್ತಾನೆ. ಕೊಡಲಿ, ಕುಡಗಳಿಂದ ಹಿಡಿದು ಹಾಲು-ಮೊಸರು, ಉಪ್ಪು-ಎಣ್ಣೆ, ಅರಿಶಿನ, ತಾಳಿ, ಗಂಗಾಳದವರೆಗೆ. ಆ ಪಟ್ಟಿಯಲ್ಲಿ ಬೀಸುಕಲ್ಲೂ ಇದೆ. ಬೀಸುಕಲ್ಲನ್ನು ಯಾವ ಸೈನಿಕ ಹೊತ್ತುಕೊಂಡು ಹೋದಾನು? ಲಾವಣಿಕಾರನಿಗೆ ಅದು ಗೊತ್ತಿಲ್ಲದ ಮಾತಲ್ಲ. ಕಲ್ಲು ಹೋಯಿತು ಎಂದರೆ ಮನೆ ಹೋಯಿತು ಎಂದೇ ಅರ್ಥ. ಕೇಳುತ್ತ ಕೂತ ಜನಕ್ಕೆ ಬಿಡಿಸಿ ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಇಪ್ಪತ್ತೆಂಟು ವರ್ಷದ ಮೇಲೆ, 1885ರಿಂದ, ಫ್ಲೀಟ್ ಅದೇ ಇಂಡಿಯನ್ ಆಂಟಿಕ್ವರಿಯಲ್ಲಿ ಕನ್ನಡ ಲಾವಣಿಗಳನ್ನು ಒಂದೊಂದಾಗಿ ಅಚ್ಚು ಹಾಕತೊಡಗಿದರು. ಪತ್ರಿಕೆಯ ಸಂಪಾದಕತ್ವ ಆ ಹೊತ್ತಿಗೆ ಅವರ ಕೈಗೂ, ಪಂಜಾಬಿನ ಜನಪದ ಕಥನಗಳನ್ನು ಕೂಡಿಹಾಕುತ್ತಿದ್ದ ರಿಚರ್ಡ್ ಟೆಂಪಲ್ ಅವರ ಕೈಗೂ ಬಂದಿತ್ತು. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರು, ಕಿತ್ತೂರ ಚೆನ್ನವ್ವನ ಸೊಸೆ, ಸಂಗ್ಯಾನ ಕೊಲೆ, ಆದಾಯ ತೆರಿಗೆಯ ಗೋಳು: ಇವು ಅವರು ಆರಿಸಿಕೊಂಡ ವಸ್ತುಗಳು. ಆದಾಯ ತೆರಿಗೆ ಎಂಬ ಹೊಸ ಪೀಡೆ ಈ ದೇಶಕ್ಕೆ ಬಂದದ್ದು 1860ರಲ್ಲಿ, 1857ರ ದಂಗೆ ಅಡಗಿಸಿದ ಖರ್ಚು ತುಂಬಿಕೊಳ್ಳಲು. ಹಲಗಲಿಯನ್ನು ಸುಟ್ಟ ಬೆಂಕಿಯ ಲೆಕ್ಕವೂ ಅದರಲ್ಲಿ ಸೇರಿತ್ತೆಂದು ಆ ಎರಡು ಲಾವಣಿಗಳನ್ನು ಒಟ್ಟಿಗೆ ಓದುವವರಿಗೆ ಅನ್ನಿಸದೆ ಇರದು.

ಒಬ್ಬ ಆಳುವ ಅಧಿಕಾರಿ ತನ್ನವರ ವಿರುದ್ಧವೇ ಕಟ್ಟಿದ ಹಾಡುಗಳನ್ನು ಜೋಪಾನ ಮಾಡಿದ ಎಂದು ನಾವು ಮೆಚ್ಚಿಕೊಳ್ಳುತ್ತೇವೆ. ಮೆಚ್ಚಬೇಕಾದದ್ದೇ. ಆದರೆ ಅವರ ಆಯ್ಕೆ ನೋಡಿ: ದಂಗೆ, ದಂಗೆ, ವಾರಸುದಾರಿಕೆಯ ತಂಟೆ, ಕೊಲೆ, ತೆರಿಗೆ. ಕಚೇರಿಯಲ್ಲಿ ದಿನಾ ಮುಂದೆ ಬರುತ್ತಿದ್ದ ಕಾಗದಪತ್ರಗಳೇ ಹಾಡಾಗಿ ಬಂದಂತಿದೆ. ಒಂದು ಬೀಸುವ ಪದವೂ ಅಲ್ಲಿಲ್ಲ. ಅವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಅವರು ಕೂಡಿಡದೆ ಇದ್ದಿದ್ದರೆ ಎಷ್ಟೋ ಚರಣಗಳು ನಮಗೆ ಸಿಗುತ್ತಲೇ ಇರಲಿಲ್ಲ.

ಅದೇ ವರ್ಷಗಳಲ್ಲಿ ಈ ಸೀಮೆಗೆ ಇನ್ನೆರಡು ಬದಲಾವಣೆ ಬಂದವು. 1885ರಲ್ಲಿ ಜಿಲ್ಲೆಯ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ ಹೋಗಿ ಕಲಾದಗಿ ಜಿಲ್ಲೆ ವಿಜಾಪುರ ಜಿಲ್ಲೆಯಾಯಿತು. ಅದಕ್ಕೆ ಒಂದು ವರ್ಷ ಮುಂಚೆ, 1884ರಲ್ಲಿ, ಸದರ್ನ್ ಮರಾಠಾ ರೈಲ್ವೆಯ ಹೊಟಗಿ-ಗದಗ ಹಳಿ ಬಾದಾಮಿಯ ಮೇಲೆ ಹಾದುಹೋಯಿತು. 1876-78ರ ದೊಡ್ಡ ಬರದಲ್ಲಿ ಕಾಳು ತಲುಪಿಸಲು ದಾರಿಯಿಲ್ಲದೆ ಜನ ಸತ್ತ ಮೇಲೆ ಹಾಕಿದ ಹಳಿ ಅದು. ನಮ್ಮ ಮಣ್ಣಿಗೆ ಕಲ್ಲಿದ್ದಲು ಬಂದದ್ದು ಆ ರೈಲಿನ ಹೊಟ್ಟೆಯಲ್ಲಿ. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯಿಲ್ಲ. ಈ ಸೀಮೆಯವರಿಗೆ ಗೊತ್ತಿರುವುದು ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು. ಇದ್ದಲು ಎಂದರೆ ಇಂಜಿನ್ನಿನ ಹೊಗೆ, ಕಿಟಕಿಯಲ್ಲಿ ಮುಖ ಇಟ್ಟವರ ಕಣ್ಣಿಗೆ ಬೀಳುತ್ತಿದ್ದ ಕಿಡಿ, ಅಷ್ಟೇ.

ಆದರೂ ಇದ್ದಲು ಅಗೆಯುವವರ ಹಾಡಿನ ಕಥೆಯನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಅದು ನಮ್ಮ ಕಥೆಯನ್ನು ತಿರುವಿ ತೋರಿಸುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾರ್ಜ್ ಕಾರ್ಸನ್ ಎಂಬ ಎಳೆಯ ಪತ್ರಕರ್ತನಿದ್ದ. 1924ರಲ್ಲಿ ಪಾಟ್ಸ್‌ವಿಲ್ ಊರಿನ ಗ್ರಂಥಾಲಯದಲ್ಲಿ, ಗಣಿಗಾರರ ಹಾಡುಗಳ ಪುಸ್ತಕ ಇದೆಯೇ ಎಂದು ಕೇಳಿದ. ಅಂಥದ್ದೊಂದು ಇರಲಿಲ್ಲ. ಹಡಗು ಆಳುಗಳ ಹಾಡಿಗೆ ಪುಸ್ತಕವುಂಟು, ದನಗಾಹಿಗಳ ಹಾಡಿಗೆ ಉಂಟು, ಇವರಿಗೆ ಮಾತ್ರ ಇಲ್ಲವೇಕೆ ಎಂದು ತಾನೇ ಗಣಿ ಕೇರಿಗಳಿಗೆ ಹೊರಟ. ಅವನು ಕೂಡಿಹಾಕಿದ್ದು ಮೊದಲು ಗಣಿ ಕಾರ್ಮಿಕರ ಸಂಘದ ಪತ್ರಿಕೆಯಲ್ಲಿ ಬಂತು, 1927ರಲ್ಲಿ ಪುಸ್ತಕವಾಯಿತು. 1946ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಮುದಿ ಗಣಿಗಾರರ ದನಿಯನ್ನೇ ಯಂತ್ರದಲ್ಲಿ ಹಿಡಿದ. ಬ್ರಿಟನ್ನಿನಲ್ಲಿ 1951ರ ಉತ್ಸವದ ನೆಪದಲ್ಲಿ ಎ. ಎಲ್. ಲಾಯ್ಡ್ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಬೆಂಬಲದಿಂದ ಗಣಿಗಾರರಿಗೆ ಹಾಡಿನ ಸ್ಪರ್ಧೆ ಏರ್ಪಡಿಸಿ, ಬಂದ ಹಾಡುಗಳನ್ನು ಮರುವರ್ಷ ಪುಸ್ತಕ ಮಾಡಿದ.

ಕಾರ್ಸನ್ ಕಂಡುಕೊಂಡ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸಿದೆ. ಗಣಿಯ ಆಳದಲ್ಲಿ ಯಾರೂ ಹಾಡುತ್ತಿರಲಿಲ್ಲ. ಮೇಲಿನ ಕಲ್ಲು ಕಿರ್ ಎಂದರೆ ಕೇಳಿಸಬೇಕು, ಜೀವ ಆ ಸದ್ದಿನ ಮೇಲೆ ನಿಂತಿದೆ. ಸಿಳ್ಳೆ ಹಾಕುವುದೂ ಅಪಶಕುನ. ಹಾಡು ಹುಟ್ಟುತ್ತಿದ್ದುದು ಮೇಲೆ, ಸಂಜೆ, ಹೆಂಡದಂಗಡಿಯಲ್ಲಿ, ಮನೆಯ ಜಗುಲಿಯಲ್ಲಿ. 1869ರಲ್ಲಿ ಏವನ್‌ಡೇಲ್ ಗಣಿಗೆ ಬೆಂಕಿ ಬಿದ್ದು 110 ಜನ ಸತ್ತಾಗ ಅದರ ಲಾವಣಿ ಹುಟ್ಟಿತು, ನಮ್ಮ ಹಲಗಲಿಯ ಲಾವಣಿಯ ಹಾಗೆ. ಅಂದರೆ ಅವರ ಹಾಡು ದುಡಿಮೆಯ ಕುರಿತಾದದ್ದು, ದುಡಿಯುವಾಗ ಹಾಡುವಂಥದ್ದಲ್ಲ. ನಮ್ಮ ಹೆಂಗಸರದು ಪೂರ್ತಿ ಉಲ್ಟಾ. ಬೀಸುವಾಗ ಹಾಡುತ್ತಾರೆ, ಆದರೆ ಬೀಸುವುದರ ಕುರಿತು ಹೆಚ್ಚು ಹಾಡುವುದಿಲ್ಲ. ಕಲ್ಲಿಗೆ ಒಂದು ನಮಸ್ಕಾರ, ಬನಶಂಕರಿಗೆ ಒಂದು. ಆಮೇಲೆಲ್ಲ ತವರು, ಅಣ್ಣ ತಂದ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅತ್ತೆಯ ಬಿರುಸು, ತೊಟ್ಟಿಲ ಕೂಸು. ಗಣಿ ಮುಚ್ಚಿದ ಮೇಲೂ ಗಣಿಗಾರನ ಹಾಡು ಬದುಕಬಹುದು, ಹಾಡಲು ಗಣಿ ಬೇಕಾಗಿಲ್ಲವಲ್ಲ. ಬೀಸುಕಲ್ಲು ನಿಂತರೆ? ಚೊಳಚಗುಡ್ಡದ ಆಯಿ ಹೇಳಿದ್ದು ಇದನ್ನೇ.

ಒಳಮನೆಯ ಹಾಡಿಗೆ ಕಿವಿಯಿಟ್ಟವರು ಬಂದದ್ದು ಫ್ಲೀಟ್ ಕಾಲದಿಂದ ನಲವತ್ತು ಚಿಲ್ಲರೆ ವರ್ಷ ಕಳೆದ ಮೇಲೆ, ಅದೇ ವಿಜಾಪುರ ಜಿಲ್ಲೆಯ ಇನ್ನೊಂದು ತುದಿಯಿಂದ. ಭೀಮೆಯ ದಿಕ್ಕಿನ ಹಲಸಂಗಿ ಎಂಬ ಸಣ್ಣ ಊರು. ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ: ಇವರು ಹಲಸಂಗಿ ಗೆಳೆಯರು. ಇವರಲ್ಲಿ ಸಾಹೇಬರ ಹ್ಯಾಟಿಲ್ಲ, ಕುದುರೆಯಿಲ್ಲ. ಹಾಡುವವರು ಅವರ ಮನೆಯ, ಓಣಿಯ ಹೆಂಗಸರೇ. ತಾವು ಎಳೆತನದಲ್ಲಿ ಬೀಸುವ ತಾಯಿಯ ತೊಡೆಯ ಮೇಲೆ ಮಲಗಿ ಕೇಳಿದ್ದನ್ನು ದೊಡ್ಡವರಾಗಿ ಬರೆದುಕೊಂಡರೆಂದರೆ ತಪ್ಪಾಗದು. 1931ರಲ್ಲಿ "ಗರತಿಯ ಹಾಡು" ಬಂತು. ಎರಡು ವರ್ಷದ ಮೇಲೆ ಲಾವಣಿಗಳ "ಜೀವನ ಸಂಗೀತ", 1935ರಲ್ಲಿ "ಮಲ್ಲಿಗೆ ದಂಡೆ". ಕನ್ನಡದ ಓದುಬಲ್ಲವರು ಬೆರಗಾದರು. ಬೇಂದ್ರೆ, ಬಿ. ಎಂ. ಶ್ರೀಕಂಠಯ್ಯ ಅಂಥವರು ಬೆನ್ನು ತಟ್ಟಿದರು. ಹೊಸಗನ್ನಡದ ಕವಿಗಳಿಗೆ ತ್ರಿಪದಿ ಮತ್ತೆ ಕೈಗೆ ಬಂತು.

ಈ ಗೆಳೆಯರ ಬಗ್ಗೆ ನನಗೆ ಭಕ್ತಿಯೇ ಇದೆ. ಆದರೂ ಹೆಸರಿನ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ. ಗರತಿ ಎಂದರೆ ಕುಲವಂತ ಮನೆಯ ಮರ್ಯಾದಸ್ಥ ಹೆಣ್ಣು. ಆ ಒಂದು ಪದ ಪುಸ್ತಕದ ಸುತ್ತ ಬೇಲಿ ಹಾಕುತ್ತದೆ. ದೇಶ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಕಾಲ, ನಮ್ಮ ಹಳ್ಳಿಯ ಹೆಣ್ಣು ಎಷ್ಟು ದೊಡ್ಡವಳು ಎಂದು ತೋರಿಸಬೇಕಾಗಿದ್ದ ಕಾಲ ಅದು. ಆದರೆ ಹೋಳಿಯಲ್ಲಿ ಬಾಯಿ ಬಿಟ್ಟು ಹಾಡುವವಳು, ಚೌಡಕಿ ಹಿಡಿದು ಎಲ್ಲಮ್ಮನ ಪದ ಹೇಳುವವಳು, ಗೀಗೀ ಮೇಳದಲ್ಲಿ ಹರದೇಶಿಯ ಗಂಡಸರಿಗೆ ನಾಗೇಶಿಯಾಗಿ ಎದುರು ನಿಂತು ಹೆಣ್ಣೇ ಹೆಚ್ಚು ಎಂದು ರಾತ್ರಿಯಿಡೀ ವಾದ ಹೂಡುವವಳು ಆ ಹೆಸರಿನ ಬೇಲಿಯಿಂದ ಆಚೆ. ಫ್ಲೀಟ್ ಕಿವಿಗೆ ದಂಗೆ ಕೇಳಿಸಿತು, ಗೆಳೆಯರ ಕಿವಿಗೆ ಗರತಿ ಕೇಳಿಸಿದಳು.

ಇನ್ನೊಂದು ಸಣ್ಣ ಸಂಗತಿ ಇದೆ. ಸಣ್ಣದೆಂದು ಹೇಳುತ್ತೇನಾದರೂ ನನ್ನ ಪಾಲಿಗೆ ಅದೇ ದೊಡ್ಡದು. ಅಚ್ಚಿನಲ್ಲಿ ತ್ರಿಪದಿಗೆ ಮೂರು ಸಾಲು. ಬಾಯಲ್ಲಿ ಅದು ಮೂರಲ್ಲ. ಎರಡನೆಯ ಸಾಲು ಹಾಡಿ ಮುಗಿಸಿ, ಅದನ್ನೇ ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಜೋಡಿಸುತ್ತಾರೆ. ಕೇಳುವವರ ಕಿವಿಗೆ ನಾಲ್ಕು. ಎದುರುಬದುರು ಕೂತ ಇಬ್ಬರು ಹೆಂಗಸರು ಒಂದೇ ಗೂಟ ಹಿಡಿದು ತಿರುಗಿಸುವಾಗ, ಒಬ್ಬಳು ಹಾಡಿದ್ದನ್ನು ಇನ್ನೊಬ್ಬಳು ತಿರುಗಿ ಎತ್ತುತ್ತಾಳೆ. ಆ ಹೊತ್ತಿನಲ್ಲಿ ಮೊದಲಿನವಳು ಉಸಿರು ತೆಗೆದುಕೊಳ್ಳುತ್ತಾಳೆ, ಒಂದು ಹಿಡಿ ಜೋಳ ಹಾಕುತ್ತಾಳೆ, ಮುಂದಿನ ನುಡಿ ಹೊಂದಿಸಿಕೊಳ್ಳುತ್ತಾಳೆ. ತಿರುಗಿ ಹಾಡುವ ಆ ಸಾಲು ಅಲಂಕಾರವಲ್ಲ, ಕೆಲಸದ ಒಂದು ಅಂಗ. ಅಚ್ಚಿಗೆ ಹೋದ ಕೂಡಲೇ ಅದು ಪುನರುಕ್ತಿಯಾಗಿ ಕಂಡು ಉದುರಿಹೋಗುತ್ತದೆ. ಕಪ್ಪೆ ಅರಭಟ್ಟನ ಬಂಡೆಯಲ್ಲೂ ತ್ರಿಪದಿಗೆ ಮೂರೇ ಸಾಲು. ಕೆತ್ತುವವನಿಗೆ ಸಾಲು ಎಂದರೆ ಉಳಿಯೇಟಿನ ಲೆಕ್ಕ.

ಇಲ್ಲಿಂದ ಕಥೆ ಮತ್ತೆ ಬಾದಾಮಿ ತಾಲೂಕಿಗೇ ಬರುತ್ತದೆ. ಚೊಳಚಗುಡ್ಡದಿಂದ ಬಾದಾಮಿ ದಾಟಿ ಮುಂದೆ ಹೋದರೆ ಕೆರೂರು; ಮಗ್ಗದ ಸದ್ದಿನ ಊರು. 1917ರಲ್ಲಿ ಹುಟ್ಟಿದ ಡಾ. ಬಿ. ಎಸ್. ಗದ್ದಗಿಮಠ ಆ ಊರಿನವರು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇನ್ನೂ ಎಳೆಯದಾಗಿದ್ದಾಗ, ಕನ್ನಡ ಜಾನಪದ ಗೀತೆಗಳ ಮೇಲೆ ಪ್ರಬಂಧ ಬರೆದು 1955ರಲ್ಲಿ ಪಿಎಚ್‌.ಡಿ. ಪಡೆದರು. ಕನ್ನಡ ಜಾನಪದದಲ್ಲಿ ಆ ಪದವಿ ಪಡೆದವರಲ್ಲಿ ಅವರೇ ಮೊದಲಿಗರು. ಹಳೆಗನ್ನಡ ಕಾವ್ಯ, ಶಾಸನ, ವ್ಯಾಕರಣಗಳಷ್ಟೇ ವಿದ್ವತ್ತು ಎನ್ನುತ್ತಿದ್ದ ದಿನಗಳಲ್ಲಿ, ಬೀಸುವವಳ ಪದಕ್ಕೂ ಹಂತಿಯವನ ಪದಕ್ಕೂ ಪದವಿ ಕೊಡಬಹುದು ಎಂದು ವಿಶ್ವವಿದ್ಯಾಲಯದಿಂದ ಒಪ್ಪಿಸಿಕೊಂಡದ್ದು ಸಣ್ಣ ಗೆಲುವಲ್ಲ. ಹಾಡುಗಳನ್ನು ಅವರು ಬಗೆಬಗೆಯಾಗಿ ವಿಂಗಡಿಸಿದರು: ಯಾರು ಹಾಡುತ್ತಾರೆ, ಯಾವ ಕೆಲಸಕ್ಕೆ, ಯಾವ ಹಬ್ಬಕ್ಕೆ, ಯಾವ ಮಟ್ಟಿನಲ್ಲಿ. ಅವರ ಕಿವಿಯಲ್ಲಿ ದಂಗೆಯೂ ಇತ್ತು, ಗರತಿಯೂ ಇದ್ದಳು. ಈ ಸೀಮೆಯಲ್ಲೇ ಬೆಳೆದವರಾದ್ದರಿಂದ ಕಣದ ಹಾಡನ್ನು ಕಣದಲ್ಲೇ ಕೇಳಿದ್ದರು.

ಕಣದ ಹಾಡು ಎಂದೆ. ಅದನ್ನು ಕಾಣದವರಿಗಾಗಿ ಎರಡು ಮಾತು. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕೊರಳಿಗೆ ಕೊರಳು ಕಟ್ಟಿ ತೆನೆಯ ಮೇಲೆ ತುಳಿಸುವುದಕ್ಕೆ ಹಂತಿ ಎನ್ನುತ್ತಾರೆ. ಬೆಳದಿಂಗಳಲ್ಲಿ, ಚಳಿಯಲ್ಲಿ, ರಾತ್ರಿಯಿಡೀ ನಡೆಯುವ ಕೆಲಸ. ಎತ್ತು ನಿಲ್ಲಬಾರದು, ಹೊಡೆಯುವವನು ತೂಕಡಿಸಬಾರದು. ಒಬ್ಬ ಪದ ಎತ್ತುತ್ತಾನೆ, ಹಿಂದಿನವರು ಸೊಲ್ಲು ಹಿಡಿಯುತ್ತಾರೆ. ಎತ್ತುಗಳು ಹಾಡಿನ ಓಟಕ್ಕೆ ಹೆಜ್ಜೆ ಹಾಕುತ್ತಿದ್ದವು ಎಂದು ಹಿರಿಯರು ಹೇಳುತ್ತಾರೆ. ನನಗೇನೋ ಎತ್ತಿನ ಹೆಜ್ಜೆಗೇ ಹಾಡು ಓಡುತ್ತಿತ್ತು ಎನ್ನಿಸುತ್ತದೆ.

ಗದ್ದಗಿಮಠರ ಪ್ರಬಂಧ ಮುಂದೆ ಪುಸ್ತಕವಾಗಿ ಬಂತು. ಅಷ್ಟರಲ್ಲಿ ಊರೂರಿಗೆ ಹಿಟ್ಟಿನ ಗಿರಣಿಗಳು ಬರುತ್ತಿದ್ದವು. ಮೊದಲು ಟುಕು ಟುಕು ಎನ್ನುವ ಎಣ್ಣೆಯ ಗಿರಣಿ, ಆಮೇಲೆ ಕರೆಂಟಿನದು. ಗಿರಣಿ ಬಂದದ್ದು ಹಾಡಿಗೆ ಕೇಡು ಎಂದು ನಾನು ಬರೆಯಲಾರೆ. ಬೆಳಗಿನ ಮೂರು ಗಂಟೆಗೆ ಎದ್ದು, ಹತ್ತು ಜನರ ರೊಟ್ಟಿಗಾಗುವಷ್ಟು ಜೋಳ ಬೀಸಿ, ಕೈ ಬೊಬ್ಬೆ ಬಂದು, ಬಸುರಿಯಾದರೂ ಬಾಣಂತಿಯಾದರೂ ಬಿಡದ ಕಲ್ಲು ಅದು. ಅದು ನಿಂತಾಗ ಹೆಂಗಸರು ಅತ್ತಿಲ್ಲ. ಹಾಡು ಹೋಯಿತಲ್ಲ ಎಂದು ಹಲುಬಿದವರು ನಾವು, ಬೀಸದವರು. ಕಣದಲ್ಲೂ ಹಾಗೆಯೇ. ರಾಶಿ ಮಾಡುವ ಯಂತ್ರ ಒಂದು ತಾಸಿನಲ್ಲಿ ಮಾಡುವುದನ್ನು ಹಂತಿಯಲ್ಲಿ ಮಾಡಿ ಎಂದು ರೈತನಿಗೆ ಹೇಳುವ ಧೈರ್ಯ ಯಾವ ಜಾನಪದ ವಿದ್ವಾಂಸನಿಗಿದೆ?

ಉಳಿಸುವವರ ಸಂಖ್ಯೆ ಮಾತ್ರ ಹೆಚ್ಚುತ್ತ ಹೋಯಿತು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಬಂದು ಹಳ್ಳಿಯ ಹಾಡುಗಾರರು ಮೈಕಿನ ಮುಂದೆ ಕೂತರು. ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು; ರಾಮನಗರದ ಹತ್ತಿರ ಜಾನಪದ ಲೋಕ ಎದ್ದಿತು. ಅಲ್ಲಿ ಬೀಸುಕಲ್ಲು ಪ್ರದರ್ಶನದ ವಸ್ತು. 2011ರಲ್ಲಿ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯವಾಯಿತು. ನಡುವೆ ಕ್ಯಾಸೆಟ್ಟಿನ ಕಾಲ ಬಂದು ಹೋಯಿತು. ಬನಶಂಕರಿ ಜಾತ್ರೆಯಲ್ಲಿ ಕ್ಯಾಸೆಟ್ ಅಂಗಡಿಗಳ ಮುಂದೆ ಗೀಗೀ ಪದ ಕೇಳುತ್ತ ನಿಂತ ಗುಂಪು ನನಗೆ ಚೆನ್ನಾಗಿ ನೆನಪಿದೆ. 1997ರಲ್ಲಿ ಬಾಗಲಕೋಟೆಯೇ ಬೇರೆ ಜಿಲ್ಲೆಯಾದಾಗ ಫ್ಲೀಟ್ ಬರೆದುಕೊಂಡ ಹಲಗಲಿಯೂ, ಗದ್ದಗಿಮಠರ ಕೆರೂರೂ, ಕಪ್ಪೆ ಅರಭಟ್ಟನ ಬಂಡೆಯೂ ಹೊಸ ಜಿಲ್ಲೆಯ ನಕಾಶೆಗೆ ಒಟ್ಟಿಗೇ ಬಂದವು.

ಹಲಗಲಿಯ ಲಾವಣಿ ಈಗ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿದೆ. ಕಂಪನಿ ಸರ್ಕಾರಕ್ಕೆ ತಿರುಗಿ ಬಿದ್ದವರ ಹಾಡನ್ನು ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ನಗಬೇಡಿ. ಬಾಯಿಯಿಂದ ಹುಟ್ಟಿದ್ದು, ಕಾಗದಕ್ಕೆ ಹೋಗಿ, ಲಂಡನ್ನಿನ ಗ್ರಂಥಾಲಯಗಳನ್ನೂ ಸುತ್ತಿ, ಪರೀಕ್ಷೆಯ ಹೆದರಿಕೆಯಿಂದಾದರೂ ಮತ್ತೆ ಬಾಯಿಗೆ ಬಂದಿದೆ. ಲಾವಣಿಗೆ ಆ ಭಾಗ್ಯ ಸಿಕ್ಕಿತು, ಏಕೆಂದರೆ ಅದಕ್ಕೊಂದು ಘಟನೆಯಿದೆ, ನಾಲ್ಕು ಹೆಸರುಗಳಿವೆ, ತಾರೀಖಿದೆ. ಬೀಸುವ ಪದಕ್ಕೆ ತಾರೀಖು ಎಲ್ಲಿಯದು?

ಮುದುಕಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಮರುವರ್ಷ ಅದೇ ಓಣಿಯಲ್ಲಿ ಒಂದು ಮದುವೆ. ಮದುವೆಯ ಮನೆಗಳಲ್ಲಿ ಅರಿಶಿನ ಬೀಸುವ ಶಾಸ್ತ್ರಕ್ಕೆ ಇನ್ನೂ ಕಲ್ಲು ಬೇಕು. ಎಲ್ಲಿಂದಲೋ ಒಂದು ಜೋಡಿ ಕಲ್ಲು ತಂದು, ತೊಳೆದು, ಸುಣ್ಣ ಹಚ್ಚಿ ಇಟ್ಟಿದ್ದರು. ಎಳೆಯ ಸೊಸೆಯಂದಿರು ಫೋಟೋಕ್ಕೆಂದು ಎರಡು ಸುತ್ತು ತಿರುಗಿಸಿ ಎದ್ದರು. ಆಯಿ ಮೆಲ್ಲಗೆ ಬಂದು, ಮೊಣಕಾಲು ಮಡಚಲಾಗದೆ ಒಂದು ಕಾಲು ಚಾಚಿಕೊಂಡೇ ಕೂತು, ಗೂಟಕ್ಕೆ ಕೈ ಹಚ್ಚಿದಳು. ಮೂರನೆಯ ಸುತ್ತಿಗೆ ಪದ ಬಂತು. ಎದುರಿಗೆ ಅವಳದೇ ವಾರಿಗೆಯ ಇನ್ನೊಬ್ಬಳು ಬಂದು ಕೂತಳು. ಏಳೆಂಟು ಪದಗಳಾದವು. ನಾನು ಗೋಡೆಗೆ ಒರಗಿ ಬರೆದುಕೊಂಡೆ.

ಊಟವಾದ ಮೇಲೆ ಬರೆದದ್ದನ್ನು ಓದಿ ತೋರಿಸಿದೆ, ತಪ್ಪಿದ್ದರೆ ತಿದ್ದಲಿ ಎಂದು. ಕೇಳುತ್ತ ಕೇಳುತ್ತ ಆಕೆಯ ಹುಬ್ಬು ಗಂಟಾಯಿತು. "ಒಂದು ಸಾಲು ನುಂಗೀದಿಯಲ್ಲೋ ತಮ್ಮಾ."

"ಅದು ಎರಡನೇ ಸಲ ಬರೋದಲ್ರಿ ಆಯೀ, ಅದಕ್ಕ ಬಿಟ್ಟೀನಿ."

"ಬಿಟ್ಟರ ಆಕಿ ಏನು ಹಾಡಬೇಕು?" ಎಂದು ಎದುರು ಕೂತಿದ್ದ ಗೆಳತಿಯ ಕಡೆ ತೋರಿಸಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಮಾತು ಹೊರಳಿಸಲು, ಹೆಸರು ಹೇಳ್ರಿ, ಪದದ ಕೆಳಗೆ ಬರೆಯುತ್ತೇನೆ ಎಂದೆ. "ನಂದ್ಯಾಕ? ಇದು ನಮ್ಮತ್ತಿ ಹಾಡತಿದ್ದದ್ದು. ಆಕಿಗೆ ಆಕಿ ಅತ್ತಿ ಹೇಳಿದ್ದು. ಎಷ್ಟು ಹೆಸರು ಬರೀತಿ? ಊರು ಬರಿ, ಸಾಕು."

ಪದಗಳ ಕೆಳಗೆ ಚೊಳಚಗುಡ್ಡ ಎಂದು ಬರೆದೆ. ಆಮೇಲೆ ಮೊದಲ ಪುಟಕ್ಕೆ ಹಿಂತಿರುಗಿ, ಎರಡನೆಯ ಮತ್ತು ಮೂರನೆಯ ಸಾಲಿನ ನಡುವೆ ಇದ್ದ ಕಿರಿದಾದ ಜಾಗದಲ್ಲಿ, ಬಿಟ್ಟಿದ್ದ ಸಾಲನ್ನು ಒಂದೊಂದು ಪದಕ್ಕೂ ತುರುಕತೊಡಗಿದೆ.